ಹತ್ತು ವರ್ಷ ಬಾಳುವ ಗೀಸರ್ ಯಾವುದು? ಬಳಸಿದವರು ಹೇಳಿ

ಪ್ರಶ್ನೆ

ನಮ್ಮ ಮನೆಯ 25 ಲೀಟರಿನ ಗೀಸರ್ ಮೊನ್ನೆ ಕೆಳಗಿನಿಂದ ಸೋರಲು ಶುರುವಾಯಿತು. ತಂದು ಐದು ವರ್ಷವೂ ಆಗಿಲ್ಲ. ರಿಪೇರಿಗೆ ಬಂದವರು ಟ್ಯಾಂಕೇ ತೂತಾಗಿದೆ, ಏನು ಮಾಡಿದರೂ ನಿಲ್ಲುವುದಿಲ್ಲ ಎಂದರು. ಮನೆಯಲ್ಲಿ ನಾಲ್ಕು ಜನ. ಬೋರ್‌ವೆಲ್ ನೀರು. ಬೆಳಿಗ್ಗೆ ಒಂದು ಗಂಟೆಯೊಳಗೆ ಎಲ್ಲರ ಸ್ನಾನ ಮುಗಿಯಬೇಕು. ಕರೆಂಟ್ ಗೀಸರ್, ಗ್ಯಾಸ್, ಸೋಲಾರ್, ಹೀಟ್ ಪಂಪ್ ಇವುಗಳಲ್ಲಿ ಜಾಸ್ತಿ ಬಾಳಿಕೆ ಯಾವುದಕ್ಕೆ, ಖರ್ಚು ಕಡಿಮೆ ಯಾವುದಕ್ಕೆ? ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಉತ್ತರ 1

ಯಾವುದು ತರಬೇಕು ಎಂದು ನೋಡುವ ಮೊದಲು ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ. ನಾನು ಇದನ್ನು ತಡವಾಗಿ ಕಲಿತೆ. ನಮ್ಮ ಮೊದಲ ಗೀಸರ್ ನಾಲ್ಕು ವರ್ಷಕ್ಕೆ ಹೋಯಿತು. ಎರಡನೆಯದನ್ನು ಜಾಸ್ತಿ ದುಡ್ಡು ಕೊಟ್ಟು ತಂದೆ. ಅದೂ ಐದು ವರ್ಷಕ್ಕೆ ಸೋರಿತು. ಬಿಚ್ಚಿಸಿ ನೋಡಿದರೆ ಒಳಗೆ ಎರಡು ಬೊಗಸೆ ಸುಣ್ಣದ ಚಕ್ಕೆ, ನಡುವೆ ತುಕ್ಕು ಹಿಡಿದ ಒಂದು ತೆಳು ತಂತಿ. ಇದೇನು ಎಂದು ಕೇಳಿದಾಗಲೇ ಆನೋಡ್ ರಾಡ್ ಎಂಬ ಮಾತು ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು.

ಈ ರಾಡ್ ಸಾಮಾನ್ಯವಾಗಿ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂನದು. ಟ್ಯಾಂಕಿನ ಉಕ್ಕಿಗೆ ತುಕ್ಕು ಹಿಡಿಯದಂತೆ ತಾನು ಕರಗುತ್ತಾ ಹೋಗುತ್ತದೆ. ಒಳಗೆ ಗಾಜಿನ ಲೇಪನ ಇದ್ದರೂ ಅದರಲ್ಲಿ ಸೂಜಿಮೊನೆಯಷ್ಟು ತೂತುಗಳು ಇರುತ್ತವೆ. ಅಲ್ಲಿ ಟ್ಯಾಂಕನ್ನು ಕಾಯುವುದು ಈ ರಾಡೇ. ಅದು ಪೂರ್ತಿ ಕರಗಿತು ಅಂದರೆ ನೀರು ಟ್ಯಾಂಕನ್ನೇ ತಿನ್ನಲು ಶುರು ಮಾಡುತ್ತದೆ. ಅಷ್ಟು ವರ್ಷದಲ್ಲಿ ನಮಗೆ ಒಬ್ಬರೂ ಅದನ್ನು ಬದಲಿಸಬೇಕು ಎಂದು ಹೇಳಿರಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಮೂರನೆಯ ಗೀಸರ್ ಸಾಧಾರಣದ್ದೇ ತಂದೆ. ಈಗ ಒಂಬತ್ತನೇ ವರ್ಷ. ವರ್ಷಕ್ಕೊಮ್ಮೆ ಕರೆಂಟ್ ತೆಗೆದು, ನೀರು ಖಾಲಿ ಮಾಡಿಸಿ, ಫ್ಲಾಂಜ್ (ಟ್ಯಾಂಕಿನ ಮುಚ್ಚಳ) ಬಿಚ್ಚಿಸುತ್ತೇನೆ. ಸುಣ್ಣ ತೆಗೆದು, ರಾಡ್ ಅರ್ಧಕ್ಕಿಂತ ಸವೆದಿದ್ದರೆ ಹೊಸದು ಹಾಕಿಸುತ್ತೇನೆ. ಇದುವರೆಗೆ ನಾಲ್ಕು ರಾಡ್ ಆಯಿತು. ಒಂದು ಹೊಸ ಗೀಸರಿನ ಮುಂದೆ ಆ ಖರ್ಚು ಏನೇನೂ ಅಲ್ಲ.

ಥರ್ಮೋಸ್ಟಾಟ್ 60 ಡಿಗ್ರಿಗೆ ಇಡಿ. ಬಿಸಿ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಹಾಗೆಂದು ತೀರಾ ಇಳಿಸಲೂಬಾರದು. 20ರಿಂದ 45 ಡಿಗ್ರಿಯ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ಅದರಿಂದ ನ್ಯುಮೋನಿಯಾ ಬರಬಹುದು. ಮಕ್ಕಳಿರುವ ಮನೆಯಾದರೆ 60 ಡಿಗ್ರಿಯ ನೀರು ನೇರವಾಗಿ ಮೈಮೇಲೆ ಬೀಳದಂತೆ ನಲ್ಲಿಯಲ್ಲೇ ತಣ್ಣೀರು ಬೆರೆಯುವ ವ್ಯವಸ್ಥೆ ಬೇಕು.

ಉತ್ತರ 2

ಖರ್ಚಿನ ಲೆಕ್ಕ ನಾನು ಹೇಳುತ್ತೇನೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ಒಂದು ಯೂನಿಟ್ ಬೇಕು. ಕಾಯಿಲ್ ಇರುವ ಯಾವ ಗೀಸರ್ ತಂದರೂ ಇಷ್ಟು ಬೇಕೇ ಬೇಕು. ವ್ಯತ್ಯಾಸ ಬರುವುದು ಸುಮ್ನೆ ನಿಂತಾಗ ಟ್ಯಾಂಕಿನಿಂದ ಎಷ್ಟು ಬಿಸಿ ಆರಿಹೋಗುತ್ತದೆ ಎಂಬುದರಲ್ಲಿ. ಹಾಗಾಗಿ ಟ್ಯಾಂಕಿನ ಸುತ್ತ ಫೋಮ್ ದಪ್ಪ ಇರುವುದನ್ನೇ ನೋಡಿ, ದಿನವಿಡೀ ಸ್ವಿಚ್ ಹಾಕಿಡಬೇಡಿ.

ನಾಲ್ಕು ಜನ, ತಲಾ 40 ಲೀಟರ್, 40 ಡಿಗ್ರಿಯ ನೀರು ಅಂತ ಇಟ್ಟುಕೊಳ್ಳಿ. ಒಟ್ಟು 160 ಲೀಟರಿಗೆ ಸುಮಾರು 2.8 ಯೂನಿಟ್. 25 ಲೀಟರಿನ, 2 ಕಿಲೋವ್ಯಾಟ್ ಗೀಸರ್ ಮೊದಲೇ ಕಾದಿದ್ದರೆ ಒಳಗೆ ಒಂದು ಯೂನಿಟ್ ಬಿಸಿ ಇರುತ್ತದೆ, ಸ್ನಾನದ ಒಂದು ಗಂಟೆಯಲ್ಲಿ ಇನ್ನೆರಡು ಸೇರುತ್ತದೆ. ಅಂದರೆ ನಿಮಗೆ ಇದು ಸರಿಯಾಗಿ ಸಾಲುತ್ತದೆ. 50 ಲೀಟರಿನದು ತರಲೇಬೇಕೆಂದಿಲ್ಲ.

3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಬೇಡ. ಚಳಿಗಾಲದಲ್ಲಿ ನೀರು 30 ಡಿಗ್ರಿ ಬಿಸಿಯಾಗಬೇಕೆಂದರೆ ನಿಮಿಷಕ್ಕೆ ಒಂದೂವರೆ ಲೀಟರೂ ಬರುವುದಿಲ್ಲ. ಅಡುಗೆಮನೆಯ ಸಿಂಕಿಗೆ ಸರಿ, ಶವರಿಗೆ ಸಾಲದು.

ಹೀಟ್ ಪಂಪ್ ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಇದೆ. ಸುತ್ತಲಿನ ಗಾಳಿಯಿಂದ ಬಿಸಿ ಎಳೆದುಕೊಂಡು ನೀರಿಗೆ ಕೊಡುತ್ತದೆ. ಹವೆ ಬೆಚ್ಚಗಿದ್ದರೆ ಅದೇ 2.8 ಯೂನಿಟ್‌ನ ಕೆಲಸ ಒಂದು ಯೂನಿಟ್‌ನಲ್ಲಿ ಮುಗಿಯುತ್ತದೆ. ಆದರೆ ನಿಧಾನ. ರಾತ್ರಿಯೇ ಹಾಕಬೇಕು, ಟ್ಯಾಂಕ್ ದೊಡ್ಡದಿರಬೇಕು, ಗಾಳಿಯಾಡುವ ಜಾಗ ಬೇಕು, ಸಣ್ಣ ಗುಯ್‌ಗುಡುವ ಸದ್ದಿದೆ. ಕೊಳ್ಳುವಾಗ ದುಬಾರಿ. ಬಿಸಿನೀರು ಜಾಸ್ತಿ ಬಳಸುವವರಿಗೆ ಮಾತ್ರ ಹಾಕಿದ ದುಡ್ಡು ಉಳಿತಾಯದಲ್ಲಿ ಬೇಗ ವಾಪಸ್ ಬರುತ್ತದೆ.

ಉತ್ತರ 3

ಹನ್ನೊಂದು ವರ್ಷದಿಂದ ಸೋಲಾರ್ ಬಳಸುತ್ತಿದ್ದೇವೆ. ಬಿಸಿಲಿರುವ ದಿನ ಖರ್ಚೇ ಇಲ್ಲ, ಅದು ನಿಜ. ಮೋಡದ ದಿನಕ್ಕೆ ಕಾಯಿಲ್ ಇರಲೇಬೇಕು. ಯಾರೂ ಹೇಳದ ಒಂದು ತೊಂದರೆ ಪೈಪಿನದು. 15 ಮಿಲಿಮೀಟರ್ ಪೈಪು 20 ಮೀಟರ್ ಉದ್ದ ಇದ್ದರೆ ಅದರೊಳಗೇ ಮೂರೂವರೆ ಲೀಟರ್ ತಣ್ಣೀರು ನಿಂತಿರುತ್ತದೆ. ಪ್ರತಿ ಸಲ ಅಷ್ಟು ಹೊರಗೆ ಬಿಟ್ಟ ಮೇಲೆ ಬಿಸಿ ಬರುತ್ತದೆ. ನಾವು ಆ ನೀರನ್ನು ಗಿಡಕ್ಕೆ ಹಿಡಿದಿಡುತ್ತೇವೆ. ಬಚ್ಚಲು ಟ್ಯಾಂಕಿನ ನೇರ ಕೆಳಗೇ ಇದ್ದರೆ ಸೋಲಾರ್‌ನಷ್ಟು ಒಳ್ಳೆಯದಿಲ್ಲ.

ನಿಮ್ಮದು ಬೋರ್‌ವೆಲ್ ನೀರು. ತಾಮ್ರದ ಸಣ್ಣ ಪೈಪಿರುವ ಫ್ಲಾಟ್ ಪ್ಲೇಟ್ ಎಂಬ ಚಪ್ಪಟೆ ಸೋಲಾರ್ ಫಲಕದಲ್ಲಿ ಆ ನೀರು ನೇರವಾಗಿ ಹರಿದರೆ ಸುಣ್ಣ ಕಟ್ಟಿ ಮುಚ್ಚಿಹೋಗುತ್ತದೆ. ಗಾಜಿನ ಕೊಳವೆಯದಾದರೆ ಬಿಚ್ಚಿ ತೊಳೆಯಬಹುದು. ನಾವು ಹಾಗೇ ಮಾಡುತ್ತೇವೆ. ಒಮ್ಮೆ ಮಟಮಟ ಮಧ್ಯಾಹ್ನ ಕಾದ ಖಾಲಿ ಕೊಳವೆಗೆ ತಣ್ಣೀರು ಬಿಟ್ಟು ಎರಡು ಒಡೆದವು. ಅದಕ್ಕೇ ಬೆಳಕು ಹರಿಯುವ ಮೊದಲೇ ತುಂಬಿಸಿ.

ಉತ್ತರ 4

ಗ್ಯಾಸ್ ಗೀಸರ್ ತಂದರೆ ದಯವಿಟ್ಟು ಬಚ್ಚಲುಮನೆಯ ಒಳಗೆ ಹಾಕಿಸಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಬೀಳುತ್ತಾರೆ. ನಮ್ಮ ಹತ್ತಿರದ ನೆಂಟರ ಮನೆಯಲ್ಲಿ ಹೀಗಾಗಿತ್ತು, ಬಾಗಿಲು ಒಡೆದು ಉಳಿಸಿಕೊಂಡರು. ಗೀಸರ್ ಹೊರಗಿರಬೇಕು, ಹೊಗೆ ಹೋಗುವ ಪೈಪು ಬಯಲಿಗೇ ಇರಬೇಕು. ಬೇರೆ ಲೆಕ್ಕವೆಲ್ಲಾ ಆಮೇಲೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀರು ಪರೀಕ್ಷೆ ಮಾಡಿಸಿದೆ. ಗಡಸುತನ ಲೀಟರಿಗೆ 420 ಮಿಲಿಗ್ರಾಂ ಬಂದಿದೆ. ನಮ್ಮ ಮೇಲೆ ಇನ್ನೂ ಮೂರು ಮಹಡಿ ಇವೆ, ಆದ್ದರಿಂದ ಸೋಲಾರ್ ಆಗುವುದಿಲ್ಲ. ಗಡಸುತನ ತೆಗೆಯುವ ಸಾಫ್ಟನರ್ ಹಾಕಿಸಿದರೆ ಸಾಕಾ? ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ತಂದರೆ ರಾಡಿನ ಗೋಜೇ ಇಲ್ಲ ಅಂತಾರಲ್ಲ, ಅದು ಹೌದಾ?

ಉತ್ತರ 1

180 ದಾಟಿದರೇ ತುಂಬಾ ಗಡಸು ಅನ್ನುತ್ತಾರೆ, ನಿಮ್ಮದು 420! ಗೀಸರ್ ಇಷ್ಟು ದಿನ ಬಂದದ್ದೇ ಜಾಸ್ತಿ. ಸಾಫ್ಟನರ್ ಹಾಕಿಸಿದರೆ ಸುಣ್ಣ ಕಟ್ಟುವುದು ನಿಲ್ಲುತ್ತದೆ, ಆದರೆ ರಾಡ್ ಇನ್ನೂ ಬೇಗ ಕರಗುತ್ತದೆ. ಮೊದಲ ವರ್ಷ ಆರು ತಿಂಗಳಿಗೊಮ್ಮೆ ತೆಗೆದು ನೋಡಿ. ಸ್ಟೇನ್‌ಲೆಸ್ ಕೂಡ ಕ್ಲೋರೈಡ್ ಜಾಸ್ತಿ ಇರುವ ನೀರಿನಲ್ಲಿ ಬೆಸುಗೆಯ ಹತ್ತಿರ ತೂತು ಬೀಳುತ್ತದೆ. ನೀರಿನ ವರದಿಯಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ನೋಡಿಕೊಂಡು ಆಮೇಲೆ ತೀರ್ಮಾನ ಮಾಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಗಾಜಿನ ಲೇಪನದ 25 ಲೀಟರಿನ ಗೀಸರನ್ನೇ ತರುತ್ತಿದ್ದೆ. ಮೇಲೆ ಮೂರು ಮಹಡಿ ಅಂದಿರಿ, ನೀರಿನ ಒತ್ತಡ ತಡೆಯುವುದೇ ಎಂದು ನೋಡಿ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್. 8 ಬಾರ್ ತಡೆಯುವಂಥದ್ದಾದರೆ ಚಿಂತೆ ಇಲ್ಲ. ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವಿನಿಂದ ಆಗಾಗ ಹನಿ ಬೀಳುವುದು ಸಹಜ, ಅದನ್ನು ಯಾರೂ ಮುಚ್ಚದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಮಾತು. ರಾಡ್ ಕೆಳಗಿನಿಂದ ಹೊರಬರುವ ಮಾದರಿಯಾದರೆ ಗೀಸರಿನ ಕೆಳಗೆ ರಾಡಿನಷ್ಟು ಉದ್ದ ಜಾಗ ಬಿಡಲು ಪ್ಲಂಬರಿಗೆ ಮೊದಲೇ ಹೇಳಿ. ನಮ್ಮಲ್ಲಿ ಶುರುವಿನಲ್ಲಿ ಕೆಳಗೆ ಕಪಾಟು ಅಡ್ಡ ಬಂದು, ಎರಡು ವರ್ಷ ರಾಡ್ ತೆಗೆಯಲಾಗದೆ ಕಡೆಗೆ ಕಪಾಟನ್ನೇ ಕಿತ್ತಿಸಬೇಕಾಯಿತು.

ಪ್ರಶ್ನೆ ಕೇಳಿದವರು

ಈಗಲೇ ಅಳತೆ ಮಾಡಿದೆ. ಕೆಳಗೆ 40 ಸೆಂಟಿಮೀಟರ್ ಜಾಗ ಇದೆ. ನಾಳೆ ಅಂಗಡಿಗೆ ಹೋದಾಗ ರಾಡಿನ ಉದ್ದವನ್ನೇ ಮೊದಲು ಕೇಳುತ್ತೇನೆ.