ಸಹಾಯ ಬೇಕು: ಕಕ್ಕಸ್ಸಿನ ಗುಂಡಿ ತುಂಬಿದೆ, ಪಕ್ಕದಲ್ಲೇ ಬೋರ್‌ವೆಲ್

ನಮಸ್ಕಾರ. ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಅಪ್ಪ ತೆಗೆಸಿದ್ದ ಒಂದೇ ಗುಂಡಿ ತುಂಬಿ ನೀರು ವಾಪಸ್ ಬರುತ್ತಿದೆ. ಬೋರ್‌ವೆಲ್ ಇಪ್ಪತ್ತೇ ಅಡಿ ದೂರ. ಮಕ್ಕಳಿಗೆ ಎರಡು ಸಲ ಭೇದಿಯಾಯಿತು. ಅದಕ್ಕೇ ಅಂತ ಹೇಳಲಾರೆ, ಆದರೂ ಈಗ ನೀರು ಕುದಿಸಿಯೇ ಕುಡಿಯುತ್ತೇವೆ.

ಒಬ್ಬರು "ಗುಂಡಿ ಬಳಿಯೋಕೆ ಆಳು ಇಳಿಸ್ತೀನಿ" ಎಂದರು. ಬೇಡ ಅಂತ ವಾಪಸ್ ಕಳಿಸಿದೆ. ಒಳಗಿನ ಗ್ಯಾಸ್ ಜೀವ ತೆಗೆಯುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನಿನ ಪ್ರಕಾರ ಅಪರಾಧ ಕೂಡ.

ಚಿತ್ರದುರ್ಗದಿಂದ ಸಕ್ಕಿಂಗ್ ಗಾಡಿ (ಗುಂಡಿಯ ಹೊಲಸನ್ನು ಪೈಪಿನಿಂದ ಹೀರುವ ಟ್ಯಾಂಕರ್) ತರಿಸಿದವರು ಇದ್ದೀರಾ? ಓಣಿ ಕಿರಿದು, ಪೈಪ್ ಎಷ್ಟು ಉದ್ದ ಇರುತ್ತದೆ? ಎಷ್ಟು ತಗೊಂಡರು? ಮುಖ್ಯವಾಗಿ, ಎಲ್ಲಿ ಖಾಲಿ ಮಾಡುತ್ತಾರೆ? ಹಳ್ಳಕ್ಕೆ ಸುರಿದರೆ ಏನು ಬಂತು, ಅಲ್ವಾ?

ಆಮೇಲೆ ಬೋರ್‌ನಿಂದ ದೂರಕ್ಕೆ ಜೋಡಿ ಗುಂಡಿ ಮಾಡಿಸುವ ಯೋಚನೆ ಇದೆ. ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸುವುದು, ಎರಡು ವರ್ಷದಲ್ಲಿ ಮೊದಲನೆಯದು ಗೊಬ್ಬರ. ಮಾಡಿಸಿದವರು ಗಾರೆಯವರ ನಂಬರ್ ಇನ್‌ಬಾಕ್ಸ್‌ಗೆ ಹಾಕಿ.