ಸಹಾಯ ಬೇಕು: ನೇರ ಪಂಚ್ ಬಂದಾಗ ಕಾಲು ಎತ್ತ ಇಡಬೇಕು?

ಎಲ್ಲರಿಗೂ ನಮಸ್ಕಾರ. ಕರಾಟೆ ಕಲಿತು ಈಗ ಬಾಕ್ಸಿಂಗ್ ಸ್ಪಾರಿಂಗ್ (ಎದುರಾಳಿಯ ಜೊತೆ ಅಭ್ಯಾಸದ ಆಟ) ಶುರು ಮಾಡಿದ್ದೇನೆ. ಒಂದು ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಕರಾಟೆಯ ಜೋಡಿ ಅಭ್ಯಾಸದಲ್ಲಿ ಎದುರಾಳಿ ಒಂದು ದೊಡ್ಡ ಹೆಜ್ಜೆ ಇಟ್ಟು ಒಯ್-ಝುಕಿ, ಅಂದರೆ ಹೆಜ್ಜೆ ಜೊತೆಗಿನ ನೇರ ಪಂಚ್, ಹೊಡೆಯುತ್ತಾನೆ. ಆ ಹೆಜ್ಜೆ ನೋಡಿಯೇ ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಬಾಕ್ಸಿಂಗ್‌ನ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಪಂಚ್) ಹಾಗಲ್ಲ. ಕಾಲು ಅಲುಗುವುದೇ ಕಡಿಮೆ, ಕೈ ಬಂದಷ್ಟೇ ಬೇಗ ವಾಪಸ್ ಹೋಗುತ್ತದೆ. ಸುಮ್ನೆ ಹಿಂದಕ್ಕೆ ಹೋದರೆ ಅವನು ಅದೇ ಗೆರೆಯಲ್ಲಿ ಮುಂದೆ ಬಂದು ಕ್ರಾಸ್ (ಹಿಂದಿನ ಕೈಯ ನೇರ ಪಂಚ್) ಹಾಕುತ್ತಾನೆ. ಹಿಂದೆ ಹೋಗುವವನಿಗಿಂತ ಮುಂದೆ ಬರುವವನ ವೇಗ ಜಾಸ್ತಿ ಅಲ್ವಾ!

ನಾವಿಬ್ಬರೂ ಎಡಗಾಲು ಮುಂದಿಟ್ಟು ನಿಲ್ಲುವವರು. ಅವನ ಎಡಗೈಯ ಹೊರಗಡೆಗೆ, ಅಂದರೆ ನನ್ನ ಬಲಕ್ಕೆ, ನಾನು ಓರೆಯಾಗಿ ಹೋದರೆ ಅವನ ಬಲಗೈ ದೂರವಾಗುತ್ತದೆ. ಲೆಕ್ಕ ಸರಿ. ಆದರೆ ಮೊದಲು ಬಲಗಾಲು ಸರಿಸಿದಾಗ ಎರಡೂ ಕಾಲು ಒಂದೇ ಸಾಲಿಗೆ ಬಂದು ಎದೆ ಪೂರ್ತಿ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಅವನ ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಪಂಚ್) ಬರುತ್ತದೆ. ನನಗೆ ನಿಜವಾದ ತಲೆನೋವು ಇದೇ.

ಬಲಗಾಲು ಎಷ್ಟು ದೂರ ಇಡಬೇಕು? ಎಡಗಾಲನ್ನು ಎಳೆದುಕೊಳ್ಳುವಾಗಲೇ ಸೊಂಟ ತಿರುಗಿಸಬೇಕಾ, ಅಥವಾ ಕಾಲು ಊರಿದ ಮೇಲಾ? ಜ್ಯಾಬನ್ನು ಅಂಗೈಯಿಂದ ತಟ್ಟುತ್ತಲೇ ಸರಿಯುವುದು ಒಳ್ಳೆಯದಾ?

‘ಕೈ ಮೇಲಿಟ್ಟುಕೋ’ ಅನ್ನುವ ಸಲಹೆ ಬೇಡ, ಅದು ಸಾಕಷ್ಟು ಸಿಕ್ಕಿದೆ. ಒಬ್ಬನೇ ಮಾಡಬಹುದಾದ ಡ್ರಿಲ್ ಇದ್ದರೆ ದಯವಿಟ್ಟು ತಿಳಿಸಿ.