ಅಪ್‌ಡೇಟ್: ಆ ಜಿಪ್ಸಿ ಕೊಳ್ಳಲಿಲ್ಲ

ಮಾರ್ಪಡಿಸಿದ ಹಳೆಯ ಮಾರುತಿ ಜಿಪ್ಸಿಯೊಂದನ್ನು (ಜೀಪಿನಂಥ ಗಾಡಿ) ನನ್ನಂಥ ಹೊಸಬ ಕೊಳ್ಳಬಹುದೇ ಎಂದು ಹೋದ ತಿಂಗಳು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮೂರು ಇಂಚು ಎತ್ತರಿಸಿದ ಸಸ್ಪೆನ್ಷನ್, ದಪ್ಪ ಟೈರು, ಮುಂದೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್. ನೋಡಿದ ಕೂಡಲೇ ಮನಸೋತಿದ್ದೆ. "ಮೊದಲು ಅಡಿಭಾಗ ನೋಡಿ, ಆಮೇಲೆ ಆರ್‌ಸಿ (ನೋಂದಣಿ ಪತ್ರ) ಓದಿ" ಎಂದಿರಿ. ಎರಡೂ ಮಾಡಿದೆ.

ಸಕಲೇಶಪುರದ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದೆ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ ಚಕ್ರವನ್ನು ಇಳಿಬಿಟ್ಟಾಗ ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಎಣ್ಣೆ ಒಯ್ಯುವ ಕೊಳವೆ) ತಂತಿಯಂತೆ ಬಿಗಿದು ನಿಂತಿತು. ಗಾಡಿ ಎತ್ತರಿಸಿದವರು ಹೋಸನ್ನು ಉದ್ದ ಮಾಡಿರಲಿಲ್ಲ! ಹಳ್ಳದಲ್ಲಿ ಅದು ಕಿತ್ತುಬಂದರೆ ಗತಿಯೇನು? ಲೀಫ್ ಸ್ಪ್ರಿಂಗ್ ಕೂರುವ ಜಾಗದಲ್ಲಿ ಹೊಸ ಕಪ್ಪು ಬಣ್ಣ. ಮೆಕ್ಯಾನಿಕ್ ಸ್ಕ್ರೂಡ್ರೈವರ್‌ನಿಂದ ಕೆರೆದರೆ ಕೆಳಗೆ ಚಾಸಿಯ, ಅಂದರೆ ಗಾಡಿಯ ಚೌಕಟ್ಟಿನ, ಬಿರುಕಿಗೆ ಹಾಕಿದ ವೆಲ್ಡಿಂಗ್. ಓಡಿಸಿದಾಗ ಅರವತ್ತು ಕಿಲೋಮೀಟರ್ ವೇಗಕ್ಕೇ ನಡುಕ. ಎತ್ತರ ಹೆಚ್ಚಿದಾಗ ಎಂಜಿನ್ ಶಕ್ತಿಯನ್ನು ಚಕ್ರಗಳತ್ತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನವೂ ಬದಲಾಗಿ ಹೀಗೆ ನಡುಗಬಹುದೆಂದು ಅವರು ತೋರಿಸಿಕೊಟ್ಟರು.

ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದೆ, ಬಾನೆಟ್ ಕೆಳಗಿರುವುದು ಡೀಸೆಲ್ ಎಂಜಿನ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನು ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದಿದೆ. ಅಪಘಾತವಾದರೆ ವಿಮೆ ಕೇಳಲು ಯಾವ ಮುಖವಿರುತ್ತಿತ್ತು?

ಮಾರುವವರು ನಲವತ್ತು ಸಾವಿರ ಇಳಿಸಿದರು. ಬೇಡವೆಂದೆ, ಬೇಸರವಾಯಿತು ನಿಜ.

ಈಗ ಯಾರೂ ಕೈಯಾಡಿಸದ ಜಿಪ್ಸಿಯೊಂದನ್ನು ತಂದಿದ್ದೇನೆ. ಟೈರು ಮಾತ್ರ ಬದಲಿಸಿದೆ. ಮೊನ್ನೆ ಕಾಫಿ ತೋಟದ ಕೆಸರಿನ ಏರನ್ನು ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ರೇಂಜ್ ಗೇರಿನಲ್ಲಿ, ನಾನು ಆಕ್ಸಿಲರೇಟರ್ ಮುಟ್ಟದೆಯೇ ಹತ್ತಿತು.